ಅತ್ತಿಗೆಯ ಮೂರು ಚಾಕುಗಳು

ನನ್ನ ಬಾಯಿಗೆ ಬೀಗವಿಲ್ಲ ಎಂದು ಬೀದಿಗೆಲ್ಲ ಗೊತ್ತು. ಅಂಥವಳು ಆಡಲೇಬೇಕಾದ ಒಂದು ಮಾತನ್ನು ಐದು ತಿಂಗಳು ನುಂಗಿಕೊಂಡು ಕೂತಿದ್ದೆ. ಅದನ್ನು ಹೇಳುವ ಮೊದಲು ನನ್ನ ಅತ್ತಿಗೆ ಎಂಥವರೆಂದು ಹೇಳಬೇಕು.

ಅಣ್ಣನ ಹೆಂಡತಿ ಅವರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದರು. ಅಲ್ಲಿನ ಚಾಕುಗಳನ್ನು ಮುಟ್ಟುತ್ತಿರಲಿಲ್ಲ. ದೊಡ್ಡದು, ನಡುವಿನದು, ಚಿಕ್ಕದು ಎಂದು ತಮ್ಮವೇ ಮೂರನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಕೊಂಡೊಯ್ಯುತ್ತಿದ್ದರು. "ಬೇಕಾದ್ರೆ ಗಂಡನ್ನ ಎರವಲು ಕೊಡ್ತೀನಿ, ಚಾಕು ಮಾತ್ರ ಕೇಳ್ಬೇಡಿ" ಎನ್ನುತ್ತಿದ್ದರು. ಕೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅಣ್ಣನೇ.

ಅಣ್ಣ ತೀರಿಕೊಂಡ. ಕೈ ನಡುಗುವ ಕಾಯಿಲೆ ಬಂದು ಅತ್ತಿಗೆ ಕೆಲಸ ಬಿಟ್ಟರು. ಎರಡು ಕೋಣೆಯ ಮನೆಯಲ್ಲಿ ಒಂಟಿಯಾಗಿದ್ದ ನನ್ನ ಜೊತೆಗೇ ಬಂದು ಉಳಿದರು. ಬಂದ ದಿನವೇ ಅಡುಗೆಮನೆ ಅವರದಾಯಿತು.

ಎದ್ದ ಕೂಡಲೇ ಸಾಣೆಕಲ್ಲನ್ನು ನೀರಿನಲ್ಲಿ ನೆನೆಹಾಕುತ್ತಿದ್ದರು. ಗುಳ್ಳೆ ಏಳುವುದು ನಿಂತ ಮೇಲೆ ಕಲ್ಲನ್ನು ಒದ್ದೆ ಬಟ್ಟೆಯ ಮೇಲಿಟ್ಟು ಮೊದಲು ಒರಟು ಮೈಯಲ್ಲಿ, ಆಮೇಲೆ ನುಣುಪು ಮೈಯಲ್ಲಿ ಉಜ್ಜುವುದು. ಕೊನೆಗೆ ಅಣ್ಣನ ಹಳೆಯ ತೊಗಲು ಬೆಲ್ಟಿನ ಮೇಲೆ ನಾಲ್ಕು ಸಲ ಎಳೆಯುವುದು. ಲೋಟ ಹಿಡಿದರೆ ನೀರು ತುಳುಕಿಸುವ ಕೈ, ಕಲ್ಲಿನ ಮೇಲೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಆದರೆ ಬೆರಳ ತುದಿ ಜಡ್ಡುಗಟ್ಟಿತ್ತು. ಹೆಬ್ಬೆರಳಿನಿಂದ ಸವರಿ ನೋಡಿದರೆ ಅಲಗು ಹರಿತವೋ ಅಲ್ಲವೋ ತಿಳಿಯುತ್ತಿರಲಿಲ್ಲ. ಹಾಗಾಗಿ ಸ್ನಾನ ಮುಗಿಸಿ ಬಂದು ಟೊಮೆಟೊ ಮೇಲೆ ಚಾಕು ಇಡುತ್ತಿದ್ದರು. ಒತ್ತದೆಯೇ ಅದು ಇಳಿಯಬೇಕು. ನಾನೇನಾದರೂ ಚಾಕುವನ್ನು ಸಿಂಕಿನಲ್ಲಿ ಬಿಟ್ಟೆನೋ, ಮುಗಿಯಿತು ನನ್ನ ಕಥೆ. "ಏ ಬಾಯಿಬಡುಕಿ, ತೊಳೆದು ಒರೆಸಿಡೋಕೆ ನಿನ್ನ ಗಂಟೇನು ಹೋಗುತ್ತೆ?"

ಒಮ್ಮೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇವರ ಕೈಗೆ ಹರಿತವಾದದ್ದು ಕೊಡಬೇಡಿ" ಎಂದರು. ಚಾಕು ಬಿಡಿ ಎಂದು ಅತ್ತಿಗೆಗೆ ಹೇಳುವ ಗುಂಡಿಗೆ ಯಾರಿಗಿತ್ತು? ಮಹಾ ಬುದ್ಧಿವಂತೆ ನಾನು, ಉಪಾಯ ಹೂಡಿದೆ. ಮರುದಿನದಿಂದ ಅವರು ಸ್ನಾನಕ್ಕೆ ಹೋದ ತಕ್ಷಣ ಮೂರು ಅಲಗುಗಳನ್ನೂ ಅಡುಗೆಕಟ್ಟೆಯ ಕಲ್ಲಿನ ಅಂಚಿಗೆ ತಿಕ್ಕಿ ಮೊಂಡು ಮಾಡಿಡತೊಡಗಿದೆ. ಮೊಂಡಾದರೆ ಕೈ ಕುಯ್ಯುವುದಿಲ್ಲವಲ್ಲ ಅಂದುಕೊಂಡೆ.

ಮೊದಲ ದಿನ ಟೊಮೆಟೊ ಅಪ್ಪಚ್ಚಿಯಾಯಿತು. ಅತ್ತಿಗೆ ಚಾಕುವನ್ನು ಬೆಳಕಿಗೆ ಹಿಡಿದು ನೋಡಿದರು. ಮರುದಿನ ಎರಡು ಪಟ್ಟು ಹೊತ್ತು ಉಜ್ಜಿದರು. ಆಮೇಲೊಂದು ದಿನ, ಕಲ್ಲಿನ ಮೇಲೆ ಅಲಗು ಎಷ್ಟು ಓರೆಯಾಗಿರಬೇಕೆಂದು ನೋಡಲು, ಹೊಸದಾಗಿ ಕಲಿಯುವವರ ಹಾಗೆ ಚಾಕುವಿನ ಬೆನ್ನಿನಡಿ ಎರಡು ನಾಣ್ಯ ಇಟ್ಟುಕೊಂಡರು. ಮೂರನೇ ವಾರ ಕಲ್ಲಿನ ಮುಂದೆ ಕೂತವರು ತಲೆ ಎತ್ತದೆ ಹೇಳಿದರು:

"ಮೈಯಲ್ಲಿ ಕಾಯಿಲೆ ಇದ್ರೂ ಕೈಯಲ್ಲಿ ಕಸುಬಿದೆ ಅಂತಿದ್ದೆ. ಅದೂ ಮರೆತುಹೋಯ್ತು ಕಣೇ."

"ವಯಸ್ಸಾಯ್ತಲ್ಲ ಅತ್ತಿಗೆ, ಇನ್ನೂ ಎಷ್ಟು ಹೆಣಗ್ತೀರಿ? ಬಿಡಿ ಅತ್ಲಾಗೆ" ಎಂದೆ. ಈ ನಾಲಿಗೆಯಿಂದಲೇ ಅಂದೆ.

ಅದೇ ವಾರ ಮೊಂಡು ಚಾಕು ಈರುಳ್ಳಿಯ ಮೇಲಿಂದ ಜಾರಿ ಅವರ ಬೆರಳಿಗೆ ಬಿತ್ತು. ಹೊಲಿಗೆ ಹಾಕಿದ ನರ್ಸು, "ಹರಿತ ಇದ್ದಿದ್ರೆ ಹೀಗಾಗ್ತಿರ್ಲಿಲ್ಲಮ್ಮ. ಮೊಂಡಾದ್ರೆ ಒತ್ತಬೇಕಾಗುತ್ತೆ, ಒತ್ತಿದ್ರೆ ಜಾರುತ್ತೆ" ಎಂದಳು. ಅತ್ತಿಗೆ ತಪ್ಪು ಮಾಡಿದ ಮಗುವಿನ ಹಾಗೆ ತಲೆ ತಗ್ಗಿಸಿ, "ನಂದೇ ತಪ್ಪು. ನಂಗೆ ಸಾಣೆ ಹಿಡಿಯೋಕೆ ಬರ್ತಿಲ್ಲ" ಎಂದರು. ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಹಾಳಾದ ನನ್ನ ಬಾಯಿ ಆಗ ಎಲ್ಲಿ ಸತ್ತಿತ್ತೋ!

ಹೊಲಿಗೆ ಬಿಚ್ಚಿದ ಮರುದಿನ ಮೂರಕ್ಕೂ ಮತ್ತೊಮ್ಮೆ ಸಾಣೆ ಹಿಡಿದು, ಒರೆಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿದರು.

"ಒಂದು ಟೊಮೆಟೊ ಹೆಚ್ಚಿ ನೋಡಿ ಅತ್ತಿಗೆ."

"ನೋಡೋದೇನಿದೆ? ಮೊಂಡು ಅಂತ ಗೊತ್ತೇ ಇದೆ. ಎತ್ತಿಡೋ ಮುಂಚೆ ಸಾಣೆ ಹಿಡೀಬೇಕು, ಹಿಡಿದೆ, ಅಷ್ಟೇ."

ಗಂಟನ್ನು ಅಟ್ಟದ ಮೇಲಿಟ್ಟರು. ಆಮೇಲೆ ಅಡುಗೆಮನೆಗೆ ಕಾಲಿಡಲಿಲ್ಲ. ನಾನು ಬಡಿಸಿದ್ದನ್ನು ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದರು. ಉಪ್ಪಿಲ್ಲದಿದ್ದರೂ ಬೈಯುತ್ತಿರಲಿಲ್ಲ. ಇವತ್ತು ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಬೈಸಿಕೊಳ್ಳುವ ಹೆದರಿಕೆಯಲ್ಲ; ಮತ್ತೆ ಚಾಕು ಹಿಡಿದಾರು ಎಂಬ ಹೆದರಿಕೆ. ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರು ಏಳಲಿಲ್ಲ.

ಬಂದ ನೆಂಟರೆಲ್ಲ ಹೋದ ಮೇಲೆ ಅಟ್ಟದಿಂದ ಆ ಗಂಟು ಇಳಿಸಿದೆ. ಚಿಕ್ಕ ಚಾಕುವಿನ ಎಣ್ಣೆ ಒರೆಸಿ ಒಂದು ಟೊಮೆಟೊ ಮೇಲೆ ಇಟ್ಟೆ. ಆಗ ನೆನಪಾಯಿತು: ಗಂಟು ಕಟ್ಟಿದ ದಿನದ ಸಾಣೆಯೊಂದನ್ನು ನಾನು ಕೆಡಿಸಿರಲಿಲ್ಲ.

ಒತ್ತಲಿಲ್ಲ. ಚಾಕು ತಾನಾಗಿ ಇಳಿದು ಹಲಗೆಗೆ ತಾಗಿತು.

"ಅತ್ತಿಗೆ, ನಿಮ್ಮ ಕೈ ಮರೆತಿರ್ಲಿಲ್ಲ. ಎಲ್ಲಾ ನಾನೇ ಮಾಡಿದ್ದು" ಎಂದೆ. ಕೇಳಿಸಲಿಲ್ಲವೇನೋ ಎಂಬಂತೆ ಅವರ ಕೋಣೆಯ ಬಾಗಿಲಿಗೆ ಹೋಗಿ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಆಮೇಲೆ ಬಂದು ಚಾಕು ತೊಳೆದು ಒರೆಸಿಟ್ಟೆ.