ಆಟಗಾರನಿಗೆ ದೃಷ್ಟಿ ತೆಗೆದಾಗ

ಆರೂವರೆ ಅಡಿಯ ಕೆವಿನ್‌ನ ತಲೆ ಎಟುಕದೆ, ಅತ್ತೆ ಅವನನ್ನು ಅಮೆರಿಕದ ಬಾಥೆಲ್‌ನ ನಮ್ಮ ಅಡುಗೆಮನೆಯ ನೆಲದ ಮೇಲೆಯೇ ಕೂರಿಸಿಬಿಟ್ಟರು. ಪಕ್ಕದ ಮನೆಯ ಕೆವಿನ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಆಟಗಾರ. 2015ರ ಸೀಸನ್‌ನ ದೇಶದ ಅತ್ಯುತ್ತಮ ಆಟಗಾರರಲ್ಲಿ ಒಬ್ಬನೆಂದು ಸನ್ಮಾನವಾಗಿ, ಫಲಕ ತೋರಿಸಲು ಬಂದಿದ್ದ.

"ಎಷ್ಟ್ ಮಂದಿ ಕಣ್ಣು ಬಿದ್ದಿರ್ತಾವೋ ಏನೋ, ದೃಷ್ಟಿ ತಗೀತೀನಿ ತಡಿ," ಎಂದು ಧಾರವಾಡದ ನಮ್ಮತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕಾದ ಹಂಚಿಗೆ ಹಾಕಿದರು. ಮರುಕ್ಷಣ ಎಲ್ಲರಿಗೂ ಕೆಮ್ಮು. ಸ್ಮೋಕ್ ಅಲಾರಂ ಬೇರೆ ಕಿರುಚತೊಡಗಿತು.

ಅತ್ತೆ ನಿರಾಳವಾದರು. "ಘಾಟ್ ಬಂತಲ್ಲವಾ, ಚಲೋ ಆತು. ಇವಗ ಯಾರ ದೃಷ್ಟಿನೂ ಆಗಿಲ್ಲ."

ದೃಷ್ಟಿಯೆಂದರೆ ಜನರ ಹೊಟ್ಟೆಕಿಚ್ಚು ಎಂದು ಅವನಿಗೆ ಮೊದಲೇ ವಿವರಿಸಿದ್ದೆ. ಈ ಫಲಿತಾಂಶವನ್ನೂ ಹೇಳಿದೆ. ಖುಷಿಪಡುತ್ತಾನೆಂದುಕೊಂಡರೆ, ಫಲಕವನ್ನು ತಿರುಗಿಸಿ ಮುರುಗಿಸಿ ನೋಡಿ ಇಂಗ್ಲಿಷಿನಲ್ಲಿ ಸಣ್ಣಗೆ ಕೇಳಿದ: "ಒಬ್ಬರಿಗೂ ಹೊಟ್ಟೆಕಿಚ್ಚಿಲ್ಲವಾ? ಇನ್ನೊಂದು ಸಲ ಮಾಡಿ ನೋಡ್ತಾರಾ?"

ಅತ್ತೆ ಆ ಸಂಜೆಯೇ ನನ್ನಿಂದ ಒಂದು ಇಂಗ್ಲಿಷ್ ಪದ ಕಲಿತರು. ಊರಿಗೆ ಮರಳುವವರೆಗೂ ಅವನು ಕಂಡಾಗಲೆಲ್ಲ ಬೇಲಿಯ ಈಚೆಯಿಂದ ಎದೆ ಮುಟ್ಟಿಕೊಂಡು "ಐ ಜೆಲಸ್!" ಎಂದು ಕೂಗುತ್ತಿದ್ದರು. ಬೆಟ್ಟದಂಥ ಆ ಆಟಗಾರ ನಾಚಿ ನೀರಾಗುತ್ತಿದ್ದ.