ನಾನು ಮೇಘಾಧಿಪತಿಯಾದದ್ದು

ಆಕಾಶ ನೋಡಿ ಮಾತಾಡುವವರನ್ನು ಕಂಡರೆ ಜನಕ್ಕೆ ಅದೇಕೋ ಗೌರವ. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ಗಂಟಲಲ್ಲೇ ಒಂದು "ಹೂಂ" ಎಂದರೆ ಸಾಕು, ಪಕ್ಕದಲ್ಲಿದ್ದವರು "ಬರಬಹುದಾ?" ಎಂದು ಕೇಳಿಯೇ ಕೇಳುತ್ತಾರೆ. ನನಗೆ ಮೋಡದ ಜಾತಿ ಗೊತ್ತಿಲ್ಲ, ಗಾಳಿಯ ಗೋತ್ರ ಗೊತ್ತಿಲ್ಲ. ಆದರೂ ತೊಂಬತ್ತರ ದಶಕದಲ್ಲಿ ಎರಡು ಬೇಸಿಗೆ ಪೂರ್ತಿ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹವಾಮಾನ ನನ್ನ ಕೈಯಲ್ಲಿತ್ತು. ಅದು ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಂಡರೆ ಮನಸ್ಸು ಸ್ವಲ್ಪ ಹಗುರಾದೀತು.

ಡೊಂಬಿವಲಿಗೆ ವಸಂತ ಬರುವುದು ಕ್ಯಾಲೆಂಡರಿನ ಮೂಲಕ. ಚೈತ್ರ ಬಂತೆಂದು ಅದು ಹೇಳುತ್ತದೆ, ನಾವು ನಂಬುತ್ತೇವೆ. ಚಿಗುರು ನೋಡೋಣವೆಂದರೆ ನಮ್ಮ ಗಲ್ಲಿಗೆ ಇದ್ದದ್ದು ಒಂದೇ ಬಾದಾಮಿ ಮರ, ಅದರ ಕೆಳಗೆ ಮೂರು ಸ್ಕೂಟರು. ಕೋಗಿಲೆ ಮಾತ್ರ ತಪ್ಪದೆ ಬರುತ್ತಿತ್ತು. ಅದಕ್ಕೆ ಮಾವಿನ ಮರ ಸಿಗದೆ ಮೂರನೇ ಮಹಡಿಯವರ ಟಿವಿ ಆಂಟೆನಾದ ಮೇಲೆ ಕೂತು ಕೂಗುತ್ತಿತ್ತು, ಕೆಳಗೆ ಅವರ ಟಿವಿಯಲ್ಲಿ ಚಿತ್ರ ನಡುಗುತ್ತಿತ್ತು. ಮಲಯ ಮಾರುತ ಚಂದನದ ಕಾಡನ್ನು ಹಾದು ಬರುತ್ತದೆಂದು ಹಳೆಯ ಕಾವ್ಯಗಳಲ್ಲಿ ಓದಿದ್ದೆ. ನಮಗೆ ಬರುವ ಗಾಳಿ ಊರಿನ ಪೂರ್ವಕ್ಕಿರುವ ಕಾರ್ಖಾನೆಗಳನ್ನು ಹಾದು ಬರುತ್ತಿತ್ತು. ಮಧ್ಯಾಹ್ನದವರೆಗೆ ಅದರ ಸುಳಿವಿಲ್ಲ. ಸಂಜೆ ಇದ್ದಕ್ಕಿದ್ದಂತೆ ಮೂಗಿಗೆ ಖಾರ ಬಡಿದರೆ ಗಾಳಿ ತಿರುಗಿದೆ, ಮಲಂಗಗಡದ ಗುಡ್ಡದ ಆಚೆ ಏನೋ ನಡೆದಿದೆ ಎಂದು ಅರ್ಥ.

ಆದರೆ ಈ ಮೂಗಿನ ಶಾಸ್ತ್ರ ಎಲ್ಲರಿಗೂ ಗೊತ್ತಿತ್ತು, ಅದರಿಂದ ಯಾರೂ ದೊಡ್ಡವರಾಗಲಿಲ್ಲ. ರೇಡಿಯೋ ಕೇಳೋಣವೆಂದರೆ ಅದು "ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ" ಎನ್ನುತ್ತಿತ್ತು. ಎಂಥ ಜಾಣ ವಾಕ್ಯ ನೋಡಿ! ಮಳೆ ಬಂದರೆ ನಾವು ಆ ಒಂದೆರಡು ಕಡೆಯವರು, ಬಾರದಿದ್ದರೆ ಅಲ್ಲ. ಮದುವೆಗೆ ಕರೆದಾಗ "ಬರಲು ನೋಡ್ತೇನೆ" ಎನ್ನುವ ನೆಂಟರೂ ಹೀಗೆಯೇ. ಅವರಿಗಾಗಿ ಅಕ್ಕಿ ಹಾಕಬೇಕೋ ಬೇಡವೋ ಎಂದು ಅಡುಗೆಯವನು ತಲೆ ಕೆರೆದುಕೊಳ್ಳಬೇಕು.

ನನ್ನ ವಿದ್ಯೆ ಬೇರೆ. ನನ್ನ ಆಫೀಸು ಠಾಣೆಯಲ್ಲಿ, ಮೂರನೇ ಮಹಡಿಯಲ್ಲಿ. ಕಿಟಕಿಯಿಂದ ಕೆಳಗೆ ರೈಲು ಹಳಿ. ಕಲ್ಯಾಣದ ಕಡೆಯಿಂದ ಬರುವ ಪ್ರತಿಯೊಂದು ಲೋಕಲಿನ ನೆತ್ತಿ ನನ್ನ ಮೇಜಿನಿಂದ ಕಾಣುತ್ತಿತ್ತು. ಒಂದು ಏಪ್ರಿಲ್ ಮಧ್ಯಾಹ್ನ ಕೈಯಲ್ಲಿ ಫೈಲು ಹಿಡಿದು ಹೊರಗೆ ನೋಡುತ್ತಿದ್ದಾಗ (ಸರ್ಕಾರಿ ನೌಕರನ ಕಣ್ಣಿಗೆ ಅದೇ ವ್ಯಾಯಾಮ) ಬದಲಾಪುರದ ಗಾಡಿಯೊಂದು ನೆತ್ತಿಯಿಂದ ನೀರಿಳಿಸುತ್ತ ಬಂತು. ಇಲ್ಲಿ ಬೆಂಕಿಯಂಥ ಬಿಸಿಲು. ಅಂದರೆ ಅಲ್ಲಿ ಮಳೆ! ಮಳೆ ಬರುವುದೂ ಆ ಕಡೆಯಿಂದಲೇ, ನಡುವೆ ನಮ್ಮ ಡೊಂಬಿವಲಿ. ವರ್ಷಗಟ್ಟಲೆ ಕಾದು ಆಗಷ್ಟೇ ಮನೆಗೆ ಫೋನು ಬಂದಿತ್ತು. ಅದಕ್ಕೂ ಏನಾದರೂ ಕೆಲಸ ಬೇಕಲ್ಲ. ಹೆಂಡತಿ ಸುಮತಿಗೆ ಫೋನು ಮಾಡಿ "ಬಟ್ಟೆ ಎತ್ತು" ಎಂದೆ. ಅವಳು ನಂಬದೆ ಎತ್ತಿದಳು. ಕೊನೆಯ ಲಂಗ ಒಳಗೆ ಬರುವುದಕ್ಕೂ ಗುಡುಗುವುದಕ್ಕೂ ಸರಿಹೋಯಿತಂತೆ.

ಯುಗಾದಿಯ ದಿನ ಪಂಚಾಂಗ ಓದುವಾಗ ಆ ವರ್ಷಕ್ಕೆ ರಾಜ ಯಾರು, ಮಂತ್ರಿ ಯಾರು, ಮೇಘಾಧಿಪತಿ ಯಾರು ಎಂದು ಹೇಳುತ್ತಾರಷ್ಟೆ. ಗ್ರಹಗಳಿಗೆ ಮೀಸಲಾದ ಆ ಹುದ್ದೆ ಅಂದಿನಿಂದ ನಮ್ಮ ಬಿಲ್ಡಿಂಗಿನಲ್ಲಿ ನನಗೆ ಬಂತು. ಮತ್ತೆ ಎರಡು ಸಲ ನನ್ನ ಮಾತು ನಿಜವಾಯಿತು. ರೈಲಿನ ಗುಟ್ಟನ್ನು ನಾನು ಯಾರಿಗೂ ಬಿಡಲಿಲ್ಲ, ಸುಮತಿಗೂ. ಮೆಟ್ಟಿಲಲ್ಲಿ ಸಿಕ್ಕವರು ಕೇಳಿದರೆ ಹುಬ್ಬಿನ ಮೇಲೆ ಕೈ ಇಡುತ್ತಿದ್ದೆ.

ಮರುವರ್ಷ ಏಪ್ರಿಲ್ಲಿನಲ್ಲಿ ಕೆಳಮನೆಯ ಗೌರಕ್ಕ ನನ್ನನ್ನು ಹುಡುಕಿಕೊಂಡು ಬಂದರು. ಬಿಜಾಪುರದ ಕಡೆಯವರು. ಗಂಡ ತುರ್ಭೆಯಲ್ಲಿ ಲಾರಿಗೆ ಸರಕು ತುಂಬುವ ಆಳುಗಳ ಮುಕಾದಮ. ಮಗಳು ಸುರೇಖಾಗೆ ವಾಶಿಯಲ್ಲಿ ಟೈಪಿಸ್ಟ್ ಕೆಲಸ. ಅವಳ ಮದುವೆ ಮೇ ತಿಂಗಳಲ್ಲಿ, ಬೀಗರು ಬಾಗಲಕೋಟೆಯವರು. ಅವರ ಪದ್ಧತಿಯಲ್ಲಿ ಹೆಣ್ಣಿನ ಕಡೆಯವರು ಕೈಯಾರೆ ಮಾಡಿದ ಹಪ್ಪಳ, ಸಂಡಿಗೆ, ಶಾವಿಗೆಗಳನ್ನೆಲ್ಲ ಮದುವೆಯ ಚಪ್ಪರದಲ್ಲಿ ಚೆಂದ ಮಾಡಿ ಜೋಡಿಸಿಡಬೇಕು. ಅದಕ್ಕೆ ರುಖವತ ಎನ್ನುತ್ತಾರೆ. ನಿಶ್ಚಯದ ದಿನ ಬೀಗಿತಿ ನಗುನಗುತ್ತಲೇ ಒಂದು ಮಾತು ಆಡಿ ಹೋಗಿದ್ದರು.

"ಮುಂಬೈದಾಗ ಇರೋರಿಗೆ ಶಾವಿಗಿ ಹೊಸಿಯಾಕ ಎಲ್ಲಿ ಬರಬೇಕ್ರಿ? ಅಂಗಡ್ಯಾಗಿಂದ ತಂದು ಇಟ್ಟಬಿಡ್ರಿ, ನಾವೇನ ಅನ್ನೂದುಲ್ಲ."

ಅನ್ನುವುದನ್ನೆಲ್ಲ ಅಂದ ಮೇಲೆ ಅನ್ನುವುದಕ್ಕೆ ಉಳಿದದ್ದೇನು? ಗೌರಕ್ಕನಿಗೆ ಅಂದಿನಿಂದ ಊಟ ರುಚಿಸಲಿಲ್ಲ. ಊರಿನಿಂದ ಶಾವಿಗೆ ಮಣೆ ತರಿಸಿದರು, ಗೋಧಿ ನೆನೆಸಿದರು, ಬೀಸಿ ಸೋಸಿದರು. ಐದು ಸೇರಿನಷ್ಟು ಶಾವಿಗೆ, ಬೆಳ್ಳಗೆ, ಉದ್ದಕ್ಕೆ, ಒಂದೆಳೆಯೂ ತುಂಡಾಗದೆ ಬೀಗಿತಿಯ ಕಣ್ಣೆದುರು ಕೂರಬೇಕು. ಅದಕ್ಕೆ ಬೇಕಾದದ್ದು ಎರಡು ದಿನದ ಕಡು ಬಿಸಿಲು. ಅರೆ ಒಣಗಿದ ಶಾವಿಗೆಗೆ ತೇವ ತಗಲಿತೋ, ಮುದ್ದೆ ಮತ್ತು ಹುಳಿ.

"ಅಣ್ಣಾರ, ನೀವು ಹೂಂ ಅಂದ್ರ ಹಿಟ್ಟ ನಾದ್ತೀನ್ರಿ," ಎಂದರು.

ನಾನು ಹೂಂ ಅಂದೆ.

ಉಡುಪಿ ಕಡೆಯ ನಮಗೆ ಶಾವಿಗೆ ಎಂದರೆ ಅಕ್ಕಿಯದು. ಒತ್ತಿದ ಕೂಡಲೇ ಕಾಯಿಹಾಲು ಹಾಕಿ ತಿಂದು ಮುಗಿಸುವುದು. ಅದನ್ನು ಒಣಗಿಸಿ ವರ್ಷವಿಡೀ ಇಡುವಷ್ಟು ತಾಳ್ಮೆ ನಮ್ಮ ಜನಕ್ಕಿಲ್ಲ. ಗೌರಕ್ಕ ಮಣೆಯ ಮೇಲೆ ಹಿಟ್ಟು ತಿಕ್ಕಿದಂತೆ ಕೂದಲಿನಂಥ ಎಳೆಗಳು ಇಳಿದು ಬರುವುದನ್ನು ಸುಮತಿ ಬಾಯಿ ಬಿಟ್ಟು ನೋಡಿದಳು. ಇಳಿದ ಎಳೆಗಳನ್ನು ಕೋಲಿನ ಮೇಲೆ ಹಿಡಿದು ತೂಗುಹಾಕಬೇಕು. ಅಷ್ಟೊಂದು ಕೋಲು ಎಲ್ಲಿಂದ? ಕೊನೆಗೆ ಇಡೀ ಬಿಲ್ಡಿಂಗಿನ ಪರದೆಯ ಸರಳುಗಳು ಟೆರೇಸಿಗೆ ಹೋದವು. ಆ ವಾರ ನಮ್ಮ ಯಾರ ಮನೆಯ ಕಿಟಕಿಗೂ ಪರದೆ ಇರಲಿಲ್ಲ. ಎದುರು ಬಿಲ್ಡಿಂಗಿನವರಿಗೆ ನಾನು ಬನಿಯನ್ನಿನಲ್ಲಿ ಚಹಾ ಕುಡಿಯುವುದು ದಿನಾ ಕಾಣುತ್ತಿತ್ತು.

ಮೊದಲ ದಿನ ಚೆನ್ನಾಗಿ ಒಣಗಿತು. ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ ನಾನು ಆಫೀಸಿನ ಕಿಟಕಿಯಲ್ಲಿದ್ದೆ. ಹಿಂದಿನ ಸ್ಟೇಶನ್ನು ಕಳವಾ ಕಡೆಯಿಂದ ಒಂದು ಲೋಕಲ್ ಬಂತು. ನೆತ್ತಿಯೆಲ್ಲ ಒದ್ದೆ, ಮೈಯೆಲ್ಲ ಒದ್ದೆ, ಬಿಸಿಲಿಗೆ ಥಳಥಳ ಹೊಳೆಯುತ್ತಿದೆ. ಫೋನಿಗೆ ಓಡಿದೆ.

"ಇನ್ನು ಅರ್ಧ ಗಂಟೆ. ದೊಡ್ಡ ಮಳೆ. ಎತ್ತಿ!"

"ಎಂತ ಮಾರಾಯ್ರೆ, ಇಲ್ಲಿ ಬಿಸಿಲಿಗೆ ಕಾಗೆ ಬಾಯಿ ಕಳೆದು ಕೂತಿದೆ," ಎಂದಳು ಸುಮತಿ.

"ಕಾಗೆಗೆ ಏನು ಗೊತ್ತು? ಎತ್ತು ಅಂದರೆ ಎತ್ತು."

ಎತ್ತಿದರು. ನಾಲ್ಕು ಮಹಡಿಯ ಹೆಂಗಸರು ಓಡಿಬಂದು, ಇನ್ನೆರಡು ತಾಸು ಬೇಕಿದ್ದ ಶಾವಿಗೆಯನ್ನು ಗಡಿಬಿಡಿಯಲ್ಲಿ ಕೋಲಿನಿಂದ ಎಳೆದು, ಸೀರೆಗಳಲ್ಲಿ ಸುತ್ತಿ, ಕಿರಿದಾದ ಮೆಟ್ಟಿಲಲ್ಲಿ ಇಳಿಸಿದರು. ಅರ್ಧ ಮುರಿಯಿತು, ಉಳಿದರ್ಧ ಸೆಕೆಗೆ ಒಂದಕ್ಕೊಂದು ಅಂಟಿ ಗಂಟಾಯಿತು. ಹೊರಗೆ ಮಾತ್ರ ಹನಿ ಇಲ್ಲ, ಮೋಡವಿಲ್ಲ. ಸೂರ್ಯ ಆ ದಿನ ಎಂದಿಗಿಂತ ಹತ್ತು ನಿಮಿಷ ಹೆಚ್ಚೇ ನಿಂತು ಮುಳುಗಿದನೆಂದು ಸುಮತಿ ಇವತ್ತಿಗೂ ಹೇಳುತ್ತಾಳೆ.

ಸಂಜೆ ಗಾಡಿಯಲ್ಲಿ, ದಿನಾ ಜೊತೆಗೆ ಪ್ರಯಾಣಿಸುವ ರೈಲ್ವೆ ನೌಕರರೊಬ್ಬರ ಹತ್ತಿರ ನನ್ನ ಗುಟ್ಟನ್ನು ಮೊದಲ ಬಾರಿಗೆ ಬಿಚ್ಚಿದೆ. ಬದಲಾಪುರದಲ್ಲಿ ಎಷ್ಟು ಮಳೆಯಾಯಿತು ಎಂದು ಕೇಳಬೇಕಿತ್ತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಹೋ, ತೀ ಧುತಲೇಲೀ ಗಾಡಿ!"

ತೊಳೆದ ಗಾಡಿ. ಕಳವಾ ಸ್ಟೇಶನ್ನಿನ ಕಾರ್‌ಶೆಡ್ಡಿನಲ್ಲಿ ಗಾಡಿಗಳಿಗೆ ಸ್ನಾನ ಮಾಡಿಸುತ್ತಾರೆ, ಮಾಡಿಸಿ ಖಾಲಿ ಗಾಡಿಯನ್ನು ಠಾಣೆಗೆ ಕಳಿಸುತ್ತಾರೆ. ಹನ್ನೆರಡು ವರ್ಷ ಆ ಹಳಿಯ ಮೇಲೆ ಓಡಾಡಿದವನಿಗೆ ಇದು ಹೊಳೆಯಲಿಲ್ಲ! ಒದ್ದೆ ನೆತ್ತಿ ನೋಡಿದವನು ಬಾಗಿಲಲ್ಲಿ ನೇತಾಡುವ ಒಬ್ಬನೇ ಒಬ್ಬ ಮನುಷ್ಯನಾದರೂ ಇದ್ದಾನೆಯೇ ಎಂದು ನೋಡಲಿಲ್ಲ. ಮೇಲೆ ಕೂತವರ ಕಣ್ಣಿಗೆ ನೆತ್ತಿ ಮಾತ್ರ ಕಾಣುತ್ತದೆ.

ಗೌರಕ್ಕ ಬೈದಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿ ಹಾಕಿದರು, ಚಹಾ ಕೊಟ್ಟರು. ಮೂಲೆಯಲ್ಲಿ ಶಾವಿಗೆಯ ಗಂಟುಗಳು ಬಿದ್ದಿದ್ದವು. ಸುರೇಖಾ ಅದರಿಂದ ಒಳ್ಳೆಯ ಎಳೆಗಳನ್ನು ಆರಿಸಲು ನೋಡುತ್ತಿದ್ದಳು. ನಾನು ತೊಳೆದ ಗಾಡಿಯ ಕಥೆಯನ್ನೆಲ್ಲ ಒಪ್ಪಿಕೊಂಡೆ. ಹುಡುಗಿ ಬಾಯಿಗೆ ಓಢಣಿ ಒತ್ತಿಕೊಂಡು "ಅಂಕಲ್, ಆಪ್ ಭೀ ನಾ!" ಎಂದು ನಕ್ಕಳು. ಗೌರಕ್ಕ ನಗಲಿಲ್ಲ.

"ಮಳಿ ಬಂದು ಕೆಟ್ಟಿದ್ರ ಮಳಿಗಿ ಬೈತಿದ್ದೆ ನೋಡ್ರಿ ಅಣ್ಣಾರ. ಈಗ ಯಾರಿಗಿ ಬೈಲಿ?" ಎಂದರು. ಆ ರಾತ್ರಿ ನನಗೆ ನಿಜವಾಗಿ ನಾಚಿಕೆಯಾಯಿತು. ತಮಾಷೆಗೆ ಹತ್ತಿಸಿಕೊಂಡ ಪದವಿಗೆ ಇನ್ನೊಬ್ಬರ ಮಾನ ಬೆಲೆಯಾಗಿತ್ತು.

ವಾರದ ಬಳಿಕ ಅವರು ಮತ್ತೆ ಹಿಟ್ಟು ನಾದಿದರು. ಇದೇ ಕೊನೆಯ ಸಲ, ಮೂರು ದಿನ ಬಿಟ್ಟು ಊರಿಗೆ ಹೊರಡುವವರು. ಈ ಬಾರಿ ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ನಾನು ಎರಡು ದಿನ ರಜೆ ಹಾಕಿ, ನೀರಿನ ಟ್ಯಾಂಕಿನ ನೆರಳಲ್ಲಿ ಒಂದು ಮಡಚುವ ಕುರ್ಚಿ ಹಾಕಿಕೊಂಡು, ಶಾವಿಗೆ ಕಾಯುತ್ತ ಕೂತೆ. ಸುಮತಿ ಮಜ್ಜಿಗೆ ತಂದಿಟ್ಟು ಹೋದಳು. ಮೂವತ್ತು ಸರಳುಗಳಿಂದ ಇಳಿದ ಬಿಳಿ ಎಳೆಗಳು ಗಾಳಿಗೆ ಸಣ್ಣಗೆ ಸದ್ದು ಮಾಡುತ್ತಿದ್ದವು. ನೋಡುತ್ತ ನೋಡುತ್ತ ಅವುಗಳ ಮೇಲೆ ನನಗೆ ಪ್ರೀತಿಯೇ ಹುಟ್ಟಿತು.

ಎರಡನೆಯ ದಿನ ನಾಲ್ಕೂವರೆಗೆ ಮೂಗಿಗೆ ಖಾರ ಬಡಿಯಿತು. ಎದ್ದು ನೋಡಿದರೆ ಮಲಂಗಗಡದ ಬೆನ್ನಿಗೆ ಕಾವಲಿಯ ತಳದಂಥ ಕಪ್ಪು. ಕೂಗಬೇಕು. ಆದರೆ ಬಾಯಿಯೇ ಬರಲೊಲ್ಲದು. ಇದೂ ತೊಳೆದ ಮೋಡವಾಗಿದ್ದರೆ? ಕಲ್ಯಾಣದ ಮೇಲೆ ಸುರಿದು ಹಾಗೆಯೇ ಹೋಗಿಬಿಟ್ಟರೆ? ಒಣಗಲು ಇನ್ನೂ ಅರ್ಧ ತಾಸು ಬೇಕಿತ್ತು. ಎರಡನೆಯ ಸಲ ಇವರ ಶಾವಿಗೆ ಕೆಡಿಸಿದರೆ ನಾನು ಈ ಬಿಲ್ಡಿಂಗಿನಲ್ಲಿ ಇರುವುದು ಹೇಗೆ? ಐದು ನಿಮಿಷ ಹೀಗೆ ನಿಂತೆ. ಆಮೇಲೆ ಕೂಗದೆ, ಒಂದು ಸರಳನ್ನು ಎರಡು ಕೈಯಲ್ಲಿ ಎತ್ತಿ, ಮೆಟ್ಟಿಲ ಮೇಲಿನ ಗೂಡಿನೊಳಗೆ ಅಡ್ಡ ಇಟ್ಟು ಬಂದೆ. ಸರಳಿನಿಂದ ಎಳೆ ಬಿಡಿಸಲಿಲ್ಲ. ಗೂಡಿನ ಎರಡೂ ಕಡೆ ಕಿಂಡಿ, ಅಲ್ಲಿಯೂ ಗಾಳಿಯಾಡುತ್ತದೆ. ಮಳೆ ಬಾರದಿದ್ದರೆ ಮತ್ತೆ ಹೊರಗಿಟ್ಟರಾಯಿತು. ಇನ್ನೊಂದು ಎತ್ತಿದೆ. ಏಳನೆಯದನ್ನು ಎತ್ತುವಾಗ ಗೌರಕ್ಕ ಮೇಲೆ ಬಂದರು.

"ಮಳಿ ಬರತೈತೇನ್ರಿ?"

"ನನಗೆ ಗೊತ್ತಿಲ್ಲ ಅಕ್ಕ. ಎತ್ತಿಡ್ತಾ ಇದ್ದೇನೆ ಅಷ್ಟೆ."

ಅವರು ಆಕಾಶ ನೋಡಲಿಲ್ಲ, ಬೆವರಿಳಿಯುತ್ತಿದ್ದ ನನ್ನ ಮುಖ ನೋಡಿದರು. ಮರುಕ್ಷಣ ಕಟಾಂಜನದಿಂದ ಬಗ್ಗಿ, "ಏ ಸುರೇಖಾ! ಸುಮತಿಬಾಯಾರ! ಎಲ್ಲಾರೂ ಬರ್ರಿ!" ಎಂದು ಕೂಗಿದ ಕೂಗಿಗೆ ಆಂಟೆನಾದ ಕೋಗಿಲೆ ಹಾರಿಹೋಯಿತು. ಹೆಂಗಸರು, ಮುದುಕರು, ಡ್ಯೂಟಿ ಮುಗಿಸಿ ಬಂದ ಮುಕಾದಮರು, ಎಲ್ಲರೂ ಒಂದೊಂದು ಸರಳು ಹಿಡಿದರು. ಇಪ್ಪತ್ತೊಂಬತ್ತು ಸರಳು ಒಳಗೆ ಬಂದವು. ಮೂವತ್ತನೆಯದಕ್ಕೆ ನಾನು ಕೈ ಹಾಕುವಾಗ ಬಿತ್ತು ನೋಡಿ ಆಕಾಶ. ಗುಡುಗು, ಮಿಂಚು, ತೆಂಗಿನಕಾಯಿ ಒಡೆದಂಥ ಹನಿ. ಸರಳು ಹಿಡಿದು ಒಳಗೆ ಬರುವಷ್ಟರಲ್ಲಿ ನಾನೂ ಶಾವಿಗೆಯೂ ಸಮನಾಗಿ ನೆನೆದಿದ್ದೆವು.

ನೆನೆದ ಶಾವಿಗೆಯನ್ನು ಗೌರಕ್ಕ ಎಸೆಯಲಿಲ್ಲ. ಆಗಲೇ ಕೆಳಗೆ ಒಯ್ದು ಬೇಯಿಸಿ, ಬೆಲ್ಲ, ತುಪ್ಪ, ಹಾಲು ಹಾಕಿ ಮಳೆ ನಿಲ್ಲುವ ಮೊದಲೇ ಮೆಟ್ಟಿಲ ಮೇಲೆ ಕೂತ ಎಲ್ಲರಿಗೂ ಬಟ್ಟಲಲ್ಲಿ ಕೊಟ್ಟರು. ಕರೆಂಟು ಹೋಗಿತ್ತು. ಮಣ್ಣಿನ ವಾಸನೆ ಕಾರ್ಖಾನೆಯ ವಾಸನೆಯನ್ನು ಒಂದು ಗಳಿಗೆ ಹಿಂದೆ ತಳ್ಳಿತ್ತು. ನನ್ನ ಬಟ್ಟಲಿಗೆ ತುಪ್ಪ ಎರಡು ಸಲ ಬಿತ್ತು. ಕಾಯಿಹಾಲಿಲ್ಲದೆಯೂ ಶಾವಿಗೆ ಇಷ್ಟು ರುಚಿಯಾಗಿರಬಹುದೆಂದು ಉಡುಪಿಯವನಾದ ನಾನು ಅಂದು ಒಪ್ಪಿಕೊಂಡೆ.

"ಉಳದಿದ್ದು ನಾಳೆ ಮತ್ತೊಂದ ಬಿಸಲ ಕಾಣಬೇಕ್ರಿ," ಎಂದರು ಗೌರಕ್ಕ, ನನ್ನ ಕಡೆ ತಿರುಗಿ. ಅವರ ಬಾಯಿಯ ಮೂಲೆಯಲ್ಲಿ ವಾರದಿಂದ ಕಾಣದಿದ್ದ ನಗುವಿತ್ತು. "ಏನಂತೀರಿ ಅಣ್ಣಾರ, ನಾಳೆ ಬಿಸಲ ಬರತೈತೋ, ಮಳಿ ಬರತೈತೋ?"

ನನ್ನ ಕೈ ಅಭ್ಯಾಸಬಲದಿಂದ ಹುಬ್ಬಿನವರೆಗೆ ಹೋಗಿ ಅಲ್ಲಿಂದಲೇ ವಾಪಸಾಯಿತು.

"ಅದು ಗೊತ್ತಿಲ್ಲ ಅಕ್ಕ. ನಾನಂತೂ ಬರ್ತೇನೆ."

ನಾನು ಈವರೆಗೆ ಹೇಳಿದ ಭವಿಷ್ಯಗಳಲ್ಲಿ ಹೇಳುವಾಗಲೇ ನಿಜವೆಂದು ನನಗೆ ಗೊತ್ತಿದ್ದದ್ದು ಅದೊಂದೇ.