ಹದ ಮಾಡಿದ ನೀರು

ಮೊನ್ನೆ ಕುಮಟಾ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕುಡಿಯಲು ಬಿಸಿನೀರು ಕೇಳಿದೆ. ಸಪ್ಲಾಯರ್ ಹಬೆಯಾಡುವ ಲೋಟ ತಂದಿಟ್ಟವನು, ನನ್ನ ನರೆತ ತಲೆ ನೋಡಿ ಕನಿಕರಪಟ್ಟನೋ ಏನೋ, ಜಗ್ಗಿನಿಂದ ಒಂದಿಷ್ಟು ತಣ್ಣೀರು ಸುರಿದು ಹದ ಮಾಡಿಕೊಟ್ಟ. ನೀವಾಗಿದ್ದರೆ ಗಟಗಟ ಕುಡಿದು ಎದ್ದಿರುತ್ತಿದ್ದಿರಿ. ನಾನು ಆ ಲೋಟವನ್ನೇ ನೋಡುತ್ತ ಕುಳಿತೆ.

ಹೊನ್ನಾವರದ ಹತ್ತಿರದ ವಸತಿ ಕಾಲೇಜೊಂದರಲ್ಲಿ ನಾನು ಪಾಠ ಹೇಳುತ್ತಿದ್ದೆ; ಹುಡುಗಿಯರ ಹಾಸ್ಟೆಲಿನ ವಾರ್ಡನ್‌ಗಿರಿಯೂ ನನ್ನ ಕೊರಳಿಗೇ ಬಿದ್ದಿತ್ತು. ಒಂದು ಮಳೆಗಾಲದ ಕೊನೆಗೆ ಅಲ್ಲಿ ಕಾಮಾಲೆ ಶುರುವಾಯಿತು. ಬಾವಿಗೆ ಕೊಳಚೆ ಸೇರಿದೆ ಎಂದರು ಡಾಕ್ಟರು. ಬ್ಲೀಚಿಂಗ್ ಪುಡಿ ಸುರಿಸಿದೆವು. ಮಲಗಿದವರಿಗೆ ಬೇರೆ ಕೋಣೆ, ಬೇರೆ ತಟ್ಟೆ. ಗೇಟಿನ ಹೊರಗಿನ ಗೋಬಿ ಮಂಚೂರಿ ಗಾಡಿಯವನನ್ನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಓಡಿಸಿದೆ. ಕುದಿಸಿದ ನೀರನ್ನೇ ಕುಡಿಯಿರಿ ಎಂದು ಗೋಡೆಗೋಡೆಗೆ ಬರೆಸಿದೆ. ಆಗಿನ ನನ್ನ ಠೀವಿ ನೋಡಬೇಕಿತ್ತು! ಆದರೂ ದಿನಾ ಹೊಸದಾಗಿ ಯಾರದೋ ಕಣ್ಣು ಹಳದಿಯಾಗುತ್ತಿತ್ತು.

ಅಡುಗೆಯ ಗಂಗಕ್ಕ ಮಾವಳ್ಳಿಯವಳು. ಕೊಪ್ಪರಿಗೆ ತುಂಬ ನೀರು ಕೊತಕೊತ ಕುದಿಸುತ್ತಿದ್ದಳು, ಅದನ್ನು ನಾನೇ ನಿಂತು ನೋಡಿದ್ದೆ. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಒಳಗೆ ಹೋದರೆ, ಕುದಿದ ನೀರಿಗೆ ಆಗಷ್ಟೇ ಬಾವಿಯಿಂದ ಸೇದಿದ ಕೊಡ ಬಗ್ಗಿಸುತ್ತಿದ್ದಾಳೆ.

"ಇದೆಂತ ಗಂಗಕ್ಕ?"

"ತಣ್ಸೂದು ಅಕ್ಕೋರೆ. ಕ್ಲಾಸಿಗೆ ಓಡೂ ಮಕ್ಕಳು, ಬಾಯಿ ಸುಟ್ಕಂತವೆ. ನಮ್ ನಾಗವೇಣಿಯಂತೂ ಬಿಸೀದು ಮುಟ್ಟೂದೇ ಇಲ್ಲ."

ನಮ್ಮಲ್ಲಿ ಬಿಸಿನೀರನ್ನು ಹಾಗೇ ಯಾರ ಮುಂದೂ ಇಡುವುದಿಲ್ಲ. ಮೀಯುವುದಿರಲಿ, ಕುಡಿಯುವುದಿರಲಿ, ತಣ್ಣೀರು ಬೆರೆಸಿ ಹದ ನೋಡಿ ಕೊಟ್ಟರೇ ಅಕ್ಕರೆ. ನನ್ನ ತಾಯಿಯೂ ಹಾಗೇ ಕೊಡುತ್ತಿದ್ದಳು. ಬೈಯಲು ಹೋದವಳು ಕೊಡವನ್ನಷ್ಟೇ ಅವಳ ಕೈಯಿಂದ ಇಳಿಸಿಕೊಂಡೆ. ಹಸಿನೀರು ಬೆರೆತರೆ ಕುದಿಸಿದ್ದೂ ವ್ಯರ್ಥ ಎಂದು ಬಿಡಿಸಿ ಹೇಳಿದೆ, ಅಂದೇ ಬೆರೆಸುವುದು ನಿಂತಿತು.

ಅಷ್ಟರಲ್ಲಿ ನಾಗವೇಣಿ ಮಲಗಿಯಾಗಿತ್ತು. ತೆಂಗಿನಗುಂಡಿಯ ಹುಡುಗಿ, ಮೀನುಗಾರರ ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಉಳಿದವರಿಗೆ ಪಥ್ಯದಲ್ಲೇ ಇಳಿದ ಕಾಯಿಲೆ ಅವಳ ಲಿವರನ್ನೇ ತಿಂದಿತು. ಇಷ್ಟುದ್ದದ ಜಿಲ್ಲೆಯಲ್ಲಿ ಅಂಥದ್ದಕ್ಕೆ ಆಸ್ಪತ್ರೆಯಿಲ್ಲ. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಹೊರಟೆವು. ಭಟ್ಕಳಕ್ಕೆ ಮೊದಲು ಅವಳೂರಿನ ತಿರುವು ಬಂತು, ಹೋಯಿತು. ಅವಳಿಗೆ ನನ್ನ ಗುರುತೂ ಇರಲಿಲ್ಲ. ಹುಡುಗಿ ಜೀವಂತ ತಿರುಗಿ ಬರಲಿಲ್ಲ.

ಗಂಗಕ್ಕ ಆರಿದ ಒಲೆಯ ಮುಂದೆ ಕೂತಿದ್ದಳು.

"ಅಕ್ಕೋರೆ, ನಾ ಕುದ್ಸೇ ಕೊಟ್ಟಿದ್ದೆ, ಅಲ್ದಾ?"

"ಹೌದು ಗಂಗಕ್ಕ, ನೀನು ಕುದಿಸೇ ಕೊಟ್ಟಿದ್ದೆ."

ಇಬ್ಬರಿಗೂ ಗೊತ್ತಿತ್ತು. ಮತ್ತೇನು ಹೇಳಬಹುದಿತ್ತು, ನೀವೇ ಹೇಳಿ. ಕೆಟ್ಟ ಮನಸ್ಸಿನವರು ಮಾಡಿದ್ದಾದರೆ ಸಿಟ್ಟಾದರೂ ಮಾಡಬಹುದಿತ್ತು. ಮರುವಾರವೇ ಅವಳು ಕೆಲಸ ಬಿಟ್ಟು ಮಾವಳ್ಳಿಗೆ ಹೋದಳು. ಆಮೇಲೆ ಒಮ್ಮೆ ಅವಳ ಮನೆಗೆ ಹೋಗಿದ್ದೆ. ಚಾ ಮಾಡಿ ಕೊಟ್ಟಳು, ಕುಡಿಯಲು ನೀರು ಬೇಕಾ ಎಂದು ಮಾತ್ರ ಕೇಳಲಿಲ್ಲ.

ಹೋಟೆಲಿನಲ್ಲಿ ಲೋಟ ಪಕ್ಕಕ್ಕೆ ಸರಿಸಿದೆ. "ಬೇರೆ ತಾ ತಮ್ಮ, ಬೆರೆಸಬೇಡ."

"ಸುಡ್ತದೆ ಅಮ್ಮ."

"ಸುಡಲಿ."

ಅವನು ತಂದಿಟ್ಟ. ಊದುತ್ತ ತಲೆಯೆತ್ತಿದರೆ, ಪಕ್ಕದ ಮೇಜಿನಲ್ಲಿ ಬ್ಯಾಗು ಹೊತ್ತ ಕಾಲೇಜು ಹುಡುಗಿಯ ಲೋಟಕ್ಕೆ ಅದೇ ಜಗ್ಗು ಬಗ್ಗಿಸುತ್ತಿದ್ದ. ನಾನು ಕೂಗುವಷ್ಟರಲ್ಲಿ ಅವಳು ಕುಡಿದು, ಬಾಯಿ ಒರೆಸಿಕೊಂಡು, ಬಸ್ಸಿಗೆ ಓಡಿದ್ದಳು.